ಮುಯ್ಯಿಗೆ ಹೋದ ರಾಜಪರದೆ

ಇಡೀ ಆದೋನಿಯ ಹತ್ತಿಯನ್ನು ಕಿವಿಗೆ ತುರುಕಿಕೊಂಡಿದ್ದರೂ ಆ ದಿನ ಚಂದ್ರಣ್ಣನ ಎದೆಬಡಿತ ಮಂತ್ರಾಲಯದವರೆಗೆ ಕೇಳಿಸುತ್ತಿತ್ತು. ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಕಾರಣ, ಹಳೇ ವಸ್ತು ಹುಡುಕುತ್ತ ಊರಿಗೆ ಬಂದಿದ್ದ ಮ್ಯೂಸಿಯಂ ಮೇಡಂ ಗಂಗೋತ್ರಿ ತೋರಿಸಿದ ಹಳೆಯ ಚಿತ್ರ. ದೂರದೇಶದ ರಾಯಭಾರಿಯೊಬ್ಬ ಆದೋನಿಯ ದೊರೆಗೆ ಕಾಣಿಕೆ ಕೊಟ್ಟಿದ್ದ, ಆಮೇಲೆ ಕಳೆದೇಹೋದ ಗೋಡೆಪರದೆಯದು. ಆನೆ, ಗಿಳಿ ಎಲ್ಲ ನೇಯ್ಗೆಯಲ್ಲೇ.

"ಕೊಟ್ಟವರ ಹೆಸರು ಮ್ಯೂಸಿಯಂನಲ್ಲಿ ಕಲ್ಲಿನ ಮೇಲೆ ಕೆತ್ತಿಸ್ತೀವಿ ಸರ್."

ಹತ್ತಿ ವ್ಯಾಪಾರಿ ಚಂದ್ರಣ್ಣ ಚಿತ್ರವನ್ನು ಕಣ್ಣಿಗೆ ಹಚ್ಚಿಕೊಂಡು ನೋಡಿದ. ತಮ್ಮ ವಾಗೀಶನ ಹೆಸರು ಬಸ್ ಸ್ಟ್ಯಾಂಡಿನ ನೀರಿನ ತೊಟ್ಟಿಯ ಮೇಲೆ ಮೆರೆಯುತ್ತಿತ್ತು. ಇವನದು ಕರೆಂಟ್ ಬಿಲ್ಲಿನ ಮೇಲಷ್ಟೇ. ಆ ಪರದೆಯೋ, ಅಜ್ಜನ ಟ್ರಂಕಿನ ತಳದಲ್ಲಿದ್ದದ್ದು! ಹಳೇ ಜಮಖಾನವೆಂದುಕೊಂಡು ಹೆಂಡತಿ ಮಹಾಂತಮ್ಮ ಬೆಳಿಗ್ಗೆಯಷ್ಟೇ ಕಾಗದ ಸುತ್ತಿ, ಸೋಮಶೇಖರಪ್ಪನ ಗೃಹಪ್ರವೇಶಕ್ಕೆ ಮುಯ್ಯಿ ಕೊಟ್ಟು ಬನ್ನಿ ಎಂದು ಇವನನ್ನೇ ಅಟ್ಟಿದ್ದಳು.

"ಸಂಜಿಯೊಳಗ ನಿಮ್ಮ ಕೈಯಾಗ ಇರ್ತೈತ್ರಿ ಮೇಡಂ. ಹೆಂಗ ಅಂತ ಕೇಳಬ್ಯಾಡ್ರಿ!"

ಲಕ್ಷ್ಮಿಕಾಂತನ ಆಟೋ ಹತ್ತಿದ. ಹರಿದ ಸೀಟಿನಿಂದ ಸ್ಪ್ರಿಂಗ್ ಎದ್ದಿತ್ತು. ಪ್ರತಿ ಗುಂಡಿಗೂ ಚಂದ್ರಣ್ಣ ಕೋಟೆಗುಡ್ಡದೆತ್ತರ ಹಾರಿ ಇಳಿದ.

ಸೋಮಶೇಖರಪ್ಪನ ಹೊಸಮನೆಯಲ್ಲಿ ಮುಯ್ಯಿಯಾಗಿ ಬಂದ ಗಡಿಯಾರಗಳು ಒಂದೊಂದು ಟೈಮ್ ಹೇಳುತ್ತಿದ್ದವು.

ಕೊಟ್ಟ ಮುಯ್ಯಿ ವಾಪಸ್ ಕೇಳಿದ್ದಕ್ಕೆ ಸೋಮಶೇಖರಪ್ಪ ರೇಗಿದ: "ಆ ಜಮಖಾನ ಏನು? ನಾಚಿಕಿ ಇಲ್ಲೇನೋ ನಿನಗ! ಮ್ಯಾಲಿನ ಓಣಿ ಉಚ್ಚಮ್ಮನ ಮೊಮ್ಮಗನ ತೊಟ್ಟಿಲಾಗ ಹಾಸಾಕ ಆಗ್ತೈತಿ ಅಂತ ಆಕಿಗೆ ಮುಯ್ಯಿ ಹಾಕಿಬಿಟ್ಟೆ."

ಉಚ್ಚಮ್ಮನ ಮನೆಗೆ ಬೀಗ. ಪಕ್ಕದ ಮನೆಯ ಹುಲುಗಮ್ಮ ಕಿಟಕಿಯಿಂದಲೇ ಕೂಗಿದಳು: "ಆಕಿ ಹಳೇ ಮುಯ್ಯಿ ತೀರಸಾಕ ಹೋಗ್ಯಾಳ್ರಿ. ಕಂಕಳಾಗ ಒಂದು ಗಂಟಿತ್ತು. ಯಾರ ಮನಿಗೋ, ಆ ದೇವರಿಗೇ ಗೊತ್ತು."

ಊರೆಲ್ಲ ಅಲೆದರೂ ಉಚ್ಚಮ್ಮ ಸಿಗಲಿಲ್ಲ. ಸಂಜೆ, ಮೇಡಂ ಹತ್ತಿರ ಇನ್ನೆರಡು ದಿನದ ಗಡುವು ಕೇಳೋಣವೆಂದು ಚಂದ್ರಣ್ಣ ರೈಲ್ವೆ ಸ್ಟೇಷನ್ನಿಗೆ ಓಡಿದ. ರೈಲು ಹೊರಡುತ್ತಿತ್ತು. ಮೇಡಂ ಕೆಂಪು ಕಾಗದದ ಪೊಟ್ಟಣವೊಂದನ್ನು ಕಿಟಕಿಯಿಂದ ಚಾಚಿದರು.

"ನಿಮ್ಮ ಮಿಸೆಸ್ ಕೊಟ್ರು, ಬೇಡ ಅನ್ನೋಕಾಗ್ಲಿಲ್ಲ. ನಾವು ಸರ್ಕಾರಿ ನೌಕರರು ಉಡುಗೊರೆ ತಗೊಳ್ಳೋ ಹಾಗಿಲ್ಲ ಸರ್. ಬಿಚ್ಚೂ ಇಲ್ಲ."

ಮೆತ್ತಗಿತ್ತು, ಮುಯ್ಯಿಗೆ ಬಂದ ಯಾವುದೋ ಬೆಡ್‌ಶೀಟಿರಬೇಕು! ಮನೆ ಬಾಗಿಲಲ್ಲಿ ಆಟೋ ಇಳಿಯುತ್ತ ಚಂದ್ರಣ್ಣ ಪೊಟ್ಟಣವನ್ನು ಲಕ್ಷ್ಮಿಕಾಂತನ ಮಡಿಲಿಗೆ ಎಸೆದ.

"ದಿನಪೂರ್ತಿ ತಿರುಗಿದೀಯಪ್ಪ. ಏನಾರ ಇರ್ಲಿ, ಇಟ್ಕೋ."

"ಪರ್ವಾಲೇದಣ್ಣಾ, ಇರ್ಲಿ ಬಿಡ್ರಿ!" ಎಂದವನು ಪೊಟ್ಟಣ ಸಮೇತ ಮಾಯವಾದ.

ಒಳಗೆ ಮಹಾಂತಮ್ಮ ಕುದಿಯುತ್ತಿದ್ದಳು. "ನೋಡ್ರಿ, ಬೆಳಿಗ್ಗೆ ನಾವು ಕೊಟ್ಟ ಜಮಖಾನ ಮಧ್ಯಾಹ್ನಕ್ಕ ಉಚ್ಚಮ್ಮನ ಕೈಲೆ ನಮ್ಮ ಮನಿಗೇ ಮುಯ್ಯಿ ಬಂತು! ಎಂಥ ಅವಮಾನ! ಅಷ್ಟೊತ್ತಿಗೆ ಆ ಮೇಡಂ ಹೋಗಿಬರ್ತೀನಿ ಅಂತ ಬಂದ್ರು. ಬರಿಗೈಲೆ ಹೆಂಗ ಕಳಸೋದು? ಕೆಂಪು ಕಾಗದ ಸುತ್ತಿ ಅವರಿಗೇ ಕೊಟ್ಟೆ."

ಚಂದ್ರಣ್ಣ ಬೀದಿಗೆ ಹಾರಿದ. ಆಟೋದ ಹೊಗೆ ಮಾತ್ರ ಉಳಿದಿತ್ತು. ಫೋನು ಸ್ವಿಚ್ ಆಫ್.

ಮರುದಿನ ಬೆಳಿಗ್ಗೆ ಲಕ್ಷ್ಮಿಕಾಂತನೇ ಬಾಗಿಲಿಗೆ ಬಂದು ಹಾರ್ನ್ ಹೊಡೆದ. ಹೊಸ ಸೀಟಿನ ಮೇಲೆ ಅರ್ಧ ಆನೆ, ಹಿಂದಿನ ದಿಂಬಿನ ಮೇಲೆ ಬಾಲವಿಲ್ಲದ ಗಿಳಿ.

"ಭಲೇ ಗಟ್ಟಿ ಬಟ್ಟಿ ಅಣ್ಣಾ! ಟೈಲರನ ಎರಡು ಕತ್ತರಿ ಮುರದ್ವು. ಹಿಂದ ಬಂದು ನೋಡ್ರಿ."

ಆಟೋ ಹಿಂಭಾಗದಲ್ಲಿ ಹಳದಿ ಪೇಂಟ್ ಇನ್ನೂ ಹಸಿಯಾಗಿತ್ತು: "ಶ್ರೀ ಚಂದ್ರಣ್ಣನವರ ಕೊಡುಗೆ."