ಕುಂಕುಮದ ಕೆಳಗಿದ್ದ ಕಾಯ್ದೆ

ಓದಲು ಬರುವುದು ಬೇರೆ, ಓದುವುದು ಬೇರೆ. ಇಷ್ಟು ತಿಳಿಯಲು ನನಗೊಂದು ಹೆಬ್ಬೆರಳು ಖರ್ಚಾಯಿತು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಅದೂ ಮೊದಲ ಸಲಕ್ಕೇ. ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಆದರೆ ಅಕ್ಷರ ಕಂಡರೆ ಕೈ ಮುಗಿಯುವುದು ನನ್ನ ಹುಟ್ಟುಗುಣ. ಮೊಳಕಾಲ್ಮೂರಿನಲ್ಲಿ ಬೆಳೆಯುವಾಗ ಅವ್ವನ ಜೊತೆ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದಾಗಲೆಲ್ಲ ದೇವರಿಗೊಂದು, ಅಶೋಕನ ಕಾಲದ ಬಂಡೆಬರಹಕ್ಕೊಂದು ನಮಸ್ಕಾರ ಹಾಕಿ ಇಳಿಯುತ್ತಿದ್ದೆವು. ಅದರಲ್ಲೇನಿದೆ ಎಂದರೆ ಅವ್ವ, "ದೊಡ್ಡೋರು ಬರೆಸಿದ್ದು ಕಣಪ್ಪ, ಒಳ್ಳೇದೇ ಇರ್ತೈತೆ" ಎನ್ನುತ್ತಿದ್ದಳು.

ಮುಂದೆ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್ ಆದೆ. ತೊಂಬತ್ತರ ದಶಕದ ಮಾತು. ಮಿಲ್ಲಿನ ಆಯುಧಪೂಜೆ ನನ್ನ ಉಸ್ತುವಾರಿ. ಶೇಂಗಾ ಸುಲಿಯುವ ಯಂತ್ರ, ಸ್ಪ್ಯಾನರು, ತಕ್ಕಡಿ, ಸಾಹುಕಾರರ ಸ್ಕೂಟರು, ಎಲ್ಲಕ್ಕೂ ನನ್ನ ಬಲಗೈ ಹೆಬ್ಬೆರಳಿನಿಂದಲೇ ಕುಂಕುಮ. ಬಾಗಿಲ ಪಕ್ಕ ಕಾರ್ಮಿಕರ ಕಾಯ್ದೆ ಬರೆದ ತಗಡಿನ ಬೋರ್ಡೊಂದು ತೂಗುತ್ತಿತ್ತು. ಪಾಪ, ಅದಕ್ಕೊಂದಕ್ಕೆ ಯಾಕೆ ಭೇದ ಎಂದು ಅದಕ್ಕೂ ವಿಭೂತಿ ಬಳಿದು ಸಾಲಾಗಿ ಕುಂಕುಮವಿಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಅದು ಬೋರ್ಡೋ ಮಾರಮ್ಮನೋ ಎಂದು ಹೇಳುವುದು ಕಷ್ಟವಾಗಿತ್ತು.

ಹೀಗಿರುವಾಗ ಒಂದು ದಿನ ಶೇಂಗಾ ಯಂತ್ರದ ಬೆಲ್ಟು ಕಳಚಿತು. ಮಿಷಿನ್ ನಿಲ್ಲಿಸಬೇಡ, ಲಾರಿ ಕಾಯುತ್ತಿದೆ, ಓಡುವಾಗಲೇ ಏರಿಸು ಎಂದರು ಸಾಹುಕಾರರು. ಏರಿಸಿದೆ. ಬೆಲ್ಟು ಕೂತಿತು, ಹೆಬ್ಬೆರಳು ಹೋಯಿತು. ಮಾರನೆಯ ದಿನ ರಕ್ತ ಕಂಡ ಯಂತ್ರಕ್ಕೆ ಶಾಂತಿಯಾಗಲೆಂದು ಕುಂಬಳಕಾಯಿ ಒಡೆದರಂತೆ. ಆಸ್ಪತ್ರೆಯಲ್ಲಿದ್ದ ನನಗೆ ಎರಡು ಮೂಸಂಬಿ ಬಂದವು. ಕುಂಬಳಕಾಯಿಯೇ ದೊಡ್ಡದು, ಲೆಕ್ಕ ಅಲ್ಲೇ ತಿಳಿಯಬೇಕಿತ್ತು. ವಾರದ ಮೇಲೆ ಮಿಲ್ಲಿನ ಗುಮಾಸ್ತ ಒಂದು ಕಾಗದ ತಂದ. ಮನೆಯಲ್ಲಿ ಸೌದೆ ಒಡೆಯುವಾಗ ಬೆರಳು ಹೋಯಿತು, ಮಿಲ್ಲಿನಿಂದ ನನಗೇನೂ ಬರಬೇಕಿಲ್ಲ ಎಂದು ನಾನೇ ಹೇಳಿದಂತೆ ಬರೆದಿತ್ತು. ಒಪ್ಪಿದರೆ ವಾಚ್‌ಮನ್ ಕೆಲಸ, ಇಲ್ಲದಿದ್ದರೆ ಮನೆ. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಬಂದು ಎರಡು ವರ್ಷವಾಗಿತ್ತು ಎಂಬುದು ಬೇರೆ ಮಾತು.

ನಾನು ಅರ್ಧ ಸೋತಿದ್ದೆ. ಫಿಟ್ಟರ್‌ಗೆ ಬಲಗೈ ಹೆಬ್ಬೆರಳು ಹೋದರೆ ಮುಂದೆ ಹೊಟ್ಟೆಪಾಡೇನು? ಲೇತ್ ಅಂಗಡಿಯ ಖಾದರ್ ಸಾಬರ ಮುಂದೆ ಕೂತು ಅತ್ತುಬಿಟ್ಟೆ. ಅವರು ಹಿಂದೆ ಹತ್ತಿ ಮಿಲ್ಲಿನಲ್ಲಿ ಕಾಲು ಮುರಿದುಕೊಂಡು, ಅದೇ ಕಾಲೆಳೆದುಕೊಂಡು ಚಿತ್ರದುರ್ಗದ ಕಾರ್ಮಿಕ ಇಲಾಖೆಗೆ ತಿರುಗಿ ಗೆದ್ದವರು. "ಲೇ ತಿಪ್ಪೇಶ, ನಿಮ್ ಮಿಲ್ಲಿನ ಬೋರ್ಡಲ್ಲೇ ಐತಲ್ಲೋ ಎಲ್ಲಾ. ಮೊದ್ಲು ಹೋಗಿ ಓದು, ಆಮೇಲೆ ಅಳು" ಎಂದರು.

ಸೀಮೆಎಣ್ಣೆ, ಚಿಂದಿ ಬಟ್ಟೆ ಹಿಡಿದು ಹೋದೆ. ಎಡಗೈಯಲ್ಲಿ ಉಜ್ಜಿದಂತೆಲ್ಲ ಹನ್ನೊಂದು ವರ್ಷದ ಭಕ್ತಿ ಕರಗಿ ಇಳಿಯಿತು. ಕೆಲಸದಲ್ಲಿ ಗಾಯವಾಗಿ ಅಂಗ ಊನವಾದರೆ ಪರಿಹಾರ ಮಾಲೀಕರ ಹೊಣೆ. ಆ ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕಾಗದ ನಡೆಯುವುದಿಲ್ಲ. ಅಚ್ಚ ಕನ್ನಡದಲ್ಲಿತ್ತು. ಮುಚ್ಚಿದ್ದು ನಾನು, ಮುಚ್ಚಿದ ಬೆರಳೇ ಹೋಗಿತ್ತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಸಾಹುಕಾರರ ಕೋಣೆಗೆ ನುಗ್ಗಿದೆ.

ಅವರು ಕಾಗದ ಮುಂದಿಟ್ಟು, ಸಹಿ ಮಾಡಲಾಗದಿದ್ದರೆ ಎಡಗೈ ಹೆಬ್ಬೆಟ್ಟು ಒತ್ತು ಸಾಕು ಎಂದರು.

"ಒಂದು ಹೆಬ್ಬೆಟ್ಟು ನಿಮ್ ಮಿಷಿನ್ನಿಗೆ ಕೊಟ್ಟೀನಿ ಸಾಹುಕಾರ್ರೆ. ಇನ್ನೊಂದು ಕೊಡಲ್ಲ. ದುರ್ಗದಲ್ಲಿ ಸಿಗ್ತೀನಿ" ಎಂದೆ. ಕಾಗದವನ್ನು ಅವರತ್ತಲೇ ತಳ್ಳಿ ಹೊರಬಂದೆ.

ಒಂದೂವರೆ ವರ್ಷ ಬಸ್ಸಿನಲ್ಲಿ ತಿರುಗಿದೆ. ಕಾಯ್ದೆ ತೂಗುಹಾಕಿದ್ದೆವು, ಇವನೇ ಪೂಜೆ ಮಾಡುತ್ತಿದ್ದ ಎಂದು ಸಾಹುಕಾರರು ವಾದಿಸಿದರು. ಹನ್ನೊಂದು ವರ್ಷ ಯಾಕೆ ಓದಲಿಲ್ಲ ಎಂದು ಅಧಿಕಾರಿಗಳು ಕೇಳಿದಾಗ, ಕುಂಕುಮ ಅಡ್ಡವಿತ್ತು ಸ್ವಾಮಿ ಎಂದೆ. ಆದರೂ ಗೆದ್ದೆ. ಈಗ ಯಾವ ಮಿಲ್ಲಿನಲ್ಲಿ ಯಾರಿಗೆ ಏಟಾದರೂ ನನ್ನಲ್ಲಿಗೆ ಬರುತ್ತಾರೆ. ಓದದೆ ಏನನ್ನೂ ಒಪ್ಪಬೇಡಿ ಎಂದು ಎಲ್ಲರಿಗೂ ದೊಡ್ಡ ಗಂಟಲಿನಲ್ಲಿ ಹೇಳುತ್ತೇನೆ.

ಆದೇಶದ ಪ್ರತಿ ಟಪಾಲಿನಲ್ಲಿ ಬಂದ ದಿನ ಅವ್ವ ಅದನ್ನು ದೇವರ ಮುಂದಿಟ್ಟು ನಟ್ಟನಡುವೆ ಕುಂಕುಮ ಹಚ್ಚಿದಳು. ನಾನು ಕಣ್ಣು ಮುಚ್ಚಿ ಕೈ ಮುಗಿದೆ.

"ಅದ್ರಾಗೇನು ಬರ್ದೈತಪ್ಪ?" ಎಂದಳು ಅವ್ವ.

ನಾನಿನ್ನೂ ಓದಿರಲಿಲ್ಲ.