ಕಲಶ ಹಿಡಿದವನ ಅವಸರ

ವಯಸ್ಸಾಗುತ್ತಿರುವ ಸುದ್ದಿ ಮೊಟ್ಟಮೊದಲು ಮುಟ್ಟುವುದು ಮೂತ್ರಕೋಶಕ್ಕೆ. ಕೂದಲಿಗೆ ಬಣ್ಣ ಹಚ್ಚಬಹುದು, ಹಲ್ಲು ಕಟ್ಟಿಸಬಹುದು; ಇದಕ್ಕೆ ಮಾತ್ರ ಮರ್ಯಾದೆಯ ಉಪಾಯ ಯಾವುದೂ ಇಲ್ಲ. ನಾನು ಗದ್ವಾಲದ ಜೂನಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ಮನೆ ಮಕ್ತಲ್‌ನಲ್ಲಿ. ಬಸ್ಸು ಹತ್ತುವ ಮೊದಲು ಎರಡು ಸಲ ಹೋಗಿ ಬಂದರೂ ದಾರಿಯಲ್ಲಿ ಜುರಾಲ ಅಣೆಕಟ್ಟಿನ ನೀರು ಕಣ್ಣಿಗೆ ಬಿದ್ದರೆ ಸಾಕು, ಮತ್ತೆ ಅವಸರ. ತೆಲಂಗಾಣ ಬೇಕೆಂದು ಜನ ರಸ್ತೆಗೆ ಅಡ್ಡ ಕೂತು ಬಸ್ಸು ನಿಲ್ಲಿಸುತ್ತಿದ್ದ ದಿನಗಳಲ್ಲಿ ಉಳಿದ ಪ್ರಯಾಣಿಕರು ಗೊಣಗುತ್ತಿದ್ದರು. ನಾನೊಬ್ಬ ಮಾತ್ರ ‘ಜೈ ತೆಲಂಗಾಣ’ ಎನ್ನುತ್ತ ಇಳಿದು ಜಾಲಿಗಿಡದ ಮರೆಗೆ ಓಡುತ್ತಿದ್ದೆ. ಹೋರಾಟಕ್ಕೆ ನನ್ನ ಕಾಣಿಕೆ ಅಷ್ಟೇ. ರಾಜ್ಯ ಬಂತು, ರಸ್ತೆ ತೆರವಾಯಿತು, ಬಸ್ಸು ನಡುವೆ ಎಲ್ಲೂ ನಿಲ್ಲದಂತಾಯಿತು. ಊರೆಲ್ಲ ಪಟಾಕಿ ಹಾರಿಸುವಾಗ ನನಗೆ ಒಳಗೊಳಗೇ ಸ್ವಲ್ಪ ಕಳವಳ.

ನಾಚಿಕೆಯ ಸಂಗತಿಯೆಂದರೆ ಇದರ ಶಾಸ್ತ್ರವೆಲ್ಲ ನನಗೆ ಬಾಯಿಪಾಠ. ಮೂತ್ರಕೋಶದ ಗೋಡೆಯಲ್ಲಿ ನರಗಳ ತುದಿಗಳಿರುತ್ತವೆ. ಕೋಶ ತುಂಬಿ ಗೋಡೆ ಹಿಗ್ಗಿದಂತೆ ಅವು ಬೆನ್ನುಹುರಿಗೆ ವರದಿ ಕಳಿಸುತ್ತವೆ; ಮಿದುಳು ‘ಈಗ ಬೇಡ’ ಎಂದರೆ ದೇಹ ತಡೆದುಕೊಳ್ಳಬೇಕು. ಚರ್ಮದ ನರಗಳಿಗೂ ಇದರಲ್ಲಿ ಪಾಲಿದೆ. ಆಗ ತಾನೇ ಹುಟ್ಟಿದ ನಾಯಿಮರಿಗೆ ತಾನಾಗಿ ಮಾಡಲು ಬರುವುದಿಲ್ಲ, ತಾಯಿ ಹಿಂಭಾಗ ನೆಕ್ಕಿದರೆ ಮಾತ್ರ ಹಗುರಾಗುತ್ತದೆ. ಆಕಳಿಗೆ ಬಾಲದ ಕೆಳಗೆ ಮೆಲ್ಲಗೆ ಸವರಿದರೂ ಅಷ್ಟೇ. ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿ, ಗಂಟೆ ಹೊಡೆಯುವ ಮೊದಲೇ ಹೊರಗೆ ಓಡುವ ಮೇಷ್ಟ್ರೂ ನಾನೇ.

ರಾಜ್ಯ ಬಂದ ವರ್ಷದ ಚಳಿಗಾಲದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ. ಕೋಸಗಿಯಿಂದ ನಮ್ಮತ್ತೆ ಮೂರು ದಿನ ಮೊದಲೇ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಲೇ ಎಲ್ಲರನ್ನೂ ಓಡಾಡಿಸುತ್ತಿದ್ದರು. ಆಕಳು ಮೊದಲು ಒಳಗೆ ಹೋಗಬೇಕು, ಅದು ನಡುಮನೆಯಲ್ಲೇ ಹೊಯ್ಯಬೇಕು, ಆ ಗೋಮೂತ್ರವನ್ನು ಕೋಣೆಕೋಣೆಗೂ ಚಿಮುಕಿಸಬೇಕು. ಅಲ್ಲಿಯವರೆಗೆ ಯಜಮಾನ ತುಂಬಿದ ಕಲಶ ಹಿಡಿದು ನಿಂತಿರಬೇಕು. ಕೆಳಗಿಡುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಅಂಗಡಿಯಲ್ಲಿ ಬಾಟಲಿಯಲ್ಲೇ ಸಿಗುತ್ತದೆ ಎಂದು ನಾನು ಅಂದು ನೋಡಿದೆ. “ಬಾಟಲ್ಯಾಗಿಂದು ಯಾವ ಆಕಳದೋ, ಯಾರ ಕಂಡಾರ್ರಿ ಅಳಿಯಂದ್ರ” ಎಂದು ಅತ್ತೆ ಮಾತು ಮುಗಿಸಿದರು.

ಆಕಳು ತಂದವಳು ನಮ್ಮ ಓಣಿಯ ಮೈಲವ್ವ. ಆಕಳ ಹೆಸರು ಗಂಗಿ. ನಡುಮನೆಗೆ ಬಂದ ಗಂಗಿ ಬಾಗಿಲ ತೋರಣಕ್ಕೆ ಬಾಯಿ ಹಾಕಿತು, ಅಕ್ಕಿ ತಿಂದಿತು, ಅತ್ತೆಯ ಸೆರಗು ಮೂಸಿತು. ಮಾಡಬೇಕಾದ್ದೊಂದನ್ನು ಬಿಟ್ಟು ಎಲ್ಲ ಮಾಡಿತು. ಮೈಲವ್ವ ಸವರಿಯೇ ಸವರಿದಳು. ಇತ್ತ ಪೂಜೆಗೆ ಬಂದಿದ್ದ ಸ್ವಾಮಿಗಳು ಮುಹೂರ್ತ ಮೀರುತ್ತಿದೆ ಎನ್ನುತ್ತ ನನಗೆ ತೀರ್ಥದ ಮೇಲೆ ತೀರ್ಥ ಕೊಡುತ್ತಿದ್ದರು. ಕೈಯಲ್ಲಿ ತುಂಬಿದ ಕಲಶ, ಒಳಗೆ ತುಂಬಿದ ಕೋಶ. ನಾನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಬೇಗ ಮುಗಿದರೆ ಸಾಕೆಂದು, “ಇನ್ನೂ ಸ್ವಲ್ಪ ಕೆಳಗ ಸವರು ಮೈಲವ್ವ, ನರ ಅಲ್ಲಿರತಾವ” ಎಂದು ಪಾಠ ಶುರುಮಾಡಿದೆ.

“ಆಕಳ ನಂದೈತ್ರಿ ಸಾರ್, ಎಲ್ಲಿ ಸವರಬೇಕು ನನಗ ಗೊತ್ತೈತಿ” ಎಂದಳು ಮೈಲವ್ವ. “ನೀವು ಹಿಂಗ ಎದುರಿಗೆ ಕುಣಿಯಾಕ ಹತ್ತಿದ್ರ ಅದು ಅಂಜತೈತಿ. ಚೂರು ಸುಮ್ನ ನಿಂದ್ರರಿ.”

ಸುಮ್ಮನೆ ನಿಂತೆ. ಅದೇ ತಪ್ಪಾಯಿತು. ಇಷ್ಟು ಹೊತ್ತು ಆ ಕುಣಿತವೇ ನನ್ನ ಮಾನ ಕಾಪಾಡಿತ್ತು. ಗಂಗಿ ನನ್ನ ಕಡೆಗೆ ಹಿಂಭಾಗ ತಿರುಗಿಸಿ ಬಾಲ ಎತ್ತಿತು. ನೆಲದ ಹೊಸ ಬಂಡೆಯ ಮೇಲೆ ಧೋ ಎಂದು ಸುರಿದ ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ಮಿದುಳು ಸೋತು ಕೈಚೆಲ್ಲಿತು. ಜನರೆಲ್ಲ ಆಕಳಿಗೆ ಕೈಮುಗಿಯುತ್ತಿದ್ದರು. ನಾನು ಕಲಶ ಹಿಡಿದುಕೊಂಡೇ, ಧೋತರದೊಳಗೆ, ಶಾಸ್ತ್ರೋಕ್ತವಾಗಿ ಹಗುರಾಗಿಬಿಟ್ಟೆ. ಅಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಅಷ್ಟು ಸುಖವೂ ಆಗಿರಲಿಲ್ಲ.

ಮೊದಲು ನೋಡಿದವಳು ಮೈಲವ್ವ. ಧೋತರ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, “ಗಂಗಿ ಸಾರ್ ಮೈಮ್ಯಾಲೇ ಹೊಯ್ತು ನೋಡ್ರಿ. ಭಾಳ ಪುಣ್ಯವಂತ್ರು” ಎಂದಳು. ಅವಳ ಕಾಲಿಗೆ ಬೀಳಬೇಕೆನಿಸಿತು. ಆದರೆ ಮುಂದಿನದು ಅವಳಿಗೂ ಹೊಳೆದಿರಲಿಲ್ಲ. ಅತ್ತೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಬಗ್ಗಿ, ನನ್ನ ಧೋತರದ ಅಂಚಿಗೆ ಬೆರಳು ಒತ್ತಿದರು.

“ಬ್ಯಾಡ್ರಿ ಅತ್ತಿ” ಎಂದೆ.

“ನಿಮಗ ನಂಬಿಕಿ ಇಲ್ಲಂದ್ರ ಇರಲಿ ಬಿಡ್ರಿ, ನಮಗೈತಿ” ಎಂದು ಆ ಬೆರಳನ್ನು ತಲೆಗೆ ಮುಟ್ಟಿಸಿಕೊಂಡರು. ಅವರ ಹಿಂದೆ ಷಡ್ಡಕ, ಅವರ ಹಿಂದೆ ನಮ್ಮ ಪ್ರಿನ್ಸಿಪಾಲರು. ಕಲಶ ಬಿಡುವಂತಿಲ್ಲ, ಹಿಂದೆ ಗೋಡೆ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಸ್ವಾಮಿಗಳು ಅದರೊಳಗೆ ಇನ್ನೊಂದು ಉದ್ಧರಣೆ ತೀರ್ಥ ಹಾಕಿದರು.

ಅತ್ತೆಯ ಮೊಣಕಾಲು ನೋವು ಆವತ್ತಿನಿಂದ ಕಡಿಮೆಯಾಗಿದೆಯಂತೆ. ಮರುವರ್ಷ ಕೋಸಗಿಯಲ್ಲಿ ಅವರ ತಂಗಿಯ ಗೃಹಪ್ರವೇಶಕ್ಕೆ ಮಕ್ತಲ್‌ನಿಂದ ಗಂಗಿಯೇ ಬರಬೇಕು, ಅದರ ಮುಂದೆ ಅಳಿಯನೇ ಕಲಶ ಹಿಡಿದು ನಿಲ್ಲಬೇಕು ಎಂದು ಹಟ ಹಿಡಿದರು. ಹಿಂದಿನ ಸಂಜೆಯಿಂದ ಒಂದು ಗುಟುಕು ನೀರು ಕುಡಿಯದೆ ಹೋದೆ. ಅಂಗಳದಲ್ಲಿ ಆಕಳ ಹಗ್ಗ ಹಿಡಿದು ನಿಂತಿದ್ದ ಮೈಲವ್ವ ನನ್ನನ್ನು ಬದಿಗೆ ಕರೆದು ಹಿತ್ತಲ ಗೋಡೆ ತೋರಿಸಿದಳು.

“ಸಾರ್, ಮೊದಲ ನೀವು ಹೋಗಿ ಬರ್ರಿ. ಅಲ್ಲಿತನಕ ಗಂಗಿನ್ನ ನಾ ತಡದಿರತೀನಿ.”

ಓಡಿಹೋಗಿ ಬಂದೆ. ಕಲಶ ಕೈಗೆ ಕೊಟ್ಟರು. ಗಂಗಿ ತಿರುಗಿ ನನ್ನನ್ನು ಒಮ್ಮೆ ನೋಡಿತು. ನನಗೆ ಮತ್ತೆ ಬಂತು.