ಚಿನ್ನಯ್ಯನವರ ನಿದ್ದೆಗೆಟ್ಟ ಕಾರು

"ಇಪ್ಪತ್ತಾರು ವರ್ಷದಲ್ಲಿ ಈ ಕೈಯಿಂದ ನಾನೂರು ಮಲ್ಟಿಮೀಟರ್ ದಾಟಿ ಹೋಗಿದೆ, ಗೊತ್ತುಂಟಾ? ನನಗೆ ಒಂದು ಬ್ಯಾಟರಿ ದೊಡ್ಡ ಸಂಗತಿಯಾ?"

ಬುಧವಾರ ಬೆಳಿಗ್ಗೆ ವೇಣೂರಿನ ತಮ್ಮ ಮನೆಯ ಪೋರ್ಚಿನಲ್ಲಿ, ಸತ್ತು ಮಲಗಿದ ಕಾರಿನ ಮುಂದೆ ನಿಂತು ಚಿನ್ನಯ್ಯನವರು ಗರ್ಜಿಸಿದರು. ಮಾತು ಸುಳ್ಳಲ್ಲ. ಅವರು ಮಸ್ಕತ್ತಿನ ಕಂಪೆನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ಎಲೆಕ್ಟ್ರಿಶಿಯನ್ನರಿಗೆ ಕರೆಂಟು ಅಳೆಯುವ ಮಲ್ಟಿಮೀಟರ್ ಕೊಡುವಾಗ ಒಂದು ಸಹಿ, ವಾಪಸು ತೆಗೆದುಕೊಳ್ಳುವಾಗ ಇನ್ನೊಂದು ಸಹಿ. ನಡುವೆ ಅವರು ಅದನ್ನು ಎಲ್ಲಿ ಚುಚ್ಚುತ್ತಿದ್ದರು ಎಂಬುದು ಮಾತ್ರ ಚಿನ್ನಯ್ಯನವರ ಇಲಾಖೆಗೆ ಸೇರಿದ ವಿಷಯವಾಗಿರಲಿಲ್ಲ!

"ದಾಟಿ ಹೋದದ್ದು ಸರಿ," ಎಂದರು ಹೆಂಡತಿ ಶಶಿಪ್ರಭಾ. "ಒಂದಾದರೂ ಕೈಯಲ್ಲಿ ನಿಂತದ್ದುಂಟಾ? ಸುಮ್ಮನೆ ಬ್ಯಾಟರಿ ಅಂಗಡಿಯ ಬಾವಾನ ಹತ್ತಿರ ಕೊಟ್ಟುಬಿಡಿ. ಆದಿತ್ಯವಾರ ನನಗೆ ಮೂಡಬಿದಿರೆಗೆ ಹೋಗ್ಲಿಕ್ಕುಂಟು."

ಆ ಆದಿತ್ಯವಾರ ಸಾಮಾನ್ಯದ್ದಲ್ಲ. ಶಶಿಪ್ರಭಾ ಐವತ್ತನಾಲ್ಕನೆಯ ವಯಸ್ಸಿನಲ್ಲಿ ವೇಷವಿಲ್ಲದೆ ಕುಳಿತು ಮಾತಲ್ಲೇ ಪ್ರಸಂಗ ಆಡುವ ಮಹಿಳಾ ತಾಳಮದ್ದಳೆಯ ತಂಡ ಸೇರಿದ್ದರು. ಮೂಡಬಿದಿರೆಯ ಸಭಾಭವನದಲ್ಲಿ ಮಧ್ಯಾಹ್ನ ಮೂರಕ್ಕೆ ಅವರ ಮೊದಲ ಅರ್ಥ, ಅಂದರೆ ಪಾತ್ರದ ಮಾತು; ಅದೂ ರಾಣಿಯದು. ಮೂರು ವಾರಗಳಿಂದ ಎರಡು ದಿನಕ್ಕೊಮ್ಮೆ ಈ ಕಾರು ಪ್ರಾಣ ಬಿಟ್ಟು, ಅವರು ಆಗಲೇ ಎರಡು ಅಭ್ಯಾಸ ತಪ್ಪಿಸಿಕೊಂಡಿದ್ದರು. ಒಗ್ಗರಣೆ ಹಾಕುವಾಗ, ಬಟ್ಟೆ ಹಿಂಡುವಾಗ ಅವರ ತುಟಿಗಳು ರಾಣಿಯ ಮಾತನ್ನೇ ಜಪಿಸುತ್ತಿದ್ದವು. ಕಿಟಕಿಯಾಚೆ ಕೇಳಿ ಕೇಳಿ ಚಿನ್ನಯ್ಯನವರಿಗೂ ಅದು ಬಾಯಿಪಾಠವಾಗಿತ್ತು. ಹಾಗಂತ ಅವರು ಯಾರಲ್ಲೂ ಒಪ್ಪಿಕೊಂಡಿರಲಿಲ್ಲ.

"ನಿನ್ನನ್ನು ಇದೇ ಕಾರಲ್ಲಿ ಸಭಾಭವನದ ಬಾಗಿಲಿಗೆ ಮುಟ್ಟಿಸ್ತೇನೆ. ಇದು ನನ್ನ ಮಾತು!"

"ಮುಟ್ಟಿಸದಿದ್ದರೆ?"

"ಮುಟ್ಟಿಸದಿದ್ದರೆ ಅರ್ಥದಲ್ಲಿ ನನ್ನ ಹೆಸರು ಹೇಳಿ ಬೈ."

"ಸರಿ, ಬರೆದಿಟ್ಟುಕೊಳ್ತೇನೆ," ಎಂದು ಶಶಿಪ್ರಭಾ ಒಳಗೆ ಹೋದರು.

ಊರಿಗೆ ಬಂದ ಮೇಲೆ ಚಿನ್ನಯ್ಯನವರು ಮನೆಯನ್ನೇ ಸ್ಟೋರು ಮಾಡಿದ್ದರು. ಕತ್ತಿಗೊಂದು ನಂಬರು, ಕೊಡೆಗೊಂದು ನಂಬರು. ಅವರ ಇತ್ತೀಚಿನ ಮಹಾಸಾಧನೆ ಎಂದರೆ ಚಾವಡಿಯ ಗೋಡೆಗೆ ಬಡಿದ ಕೀ ಬೋರ್ಡು: ಹನ್ನೆರಡು ಕೊಕ್ಕೆ, ಹನ್ನೆರಡು ಚೀಟಿ. ಅದಕ್ಕೆ ಮೊದಲು ಶಶಿಪ್ರಭಾ ಕಾರಿನ ಕೀಯನ್ನು ಅಡುಗೆಮನೆಯ ಸ್ಟೀಲಿನ ರಸ್ಕ್ ಡಬ್ಬದಲ್ಲಿ ಹಾಕಿಡುತ್ತಿದ್ದರು. "ಕಾರಿನ ಕೀ ಎಂತ ರಸ್ಕಾ? ಚಹಾದಲ್ಲಿ ಅದ್ದಿ ತಿನ್ಲಿಕ್ಕುಂಟಾ?" ಎಂದು ಗದರಿ, ಅದನ್ನು ತಂದು ಒಂದನೇ ನಂಬರಿನ ಕೊಕ್ಕೆಯಲ್ಲಿ ಪ್ರತಿಷ್ಠಾಪಿಸಿದವರು ಸಾಕ್ಷಾತ್ ಚಿನ್ನಯ್ಯನವರೇ! ಅದೇನು ಸಾಮಾನ್ಯ ಕೀಯೇ? ಜೇಬಿನಲ್ಲಿಟ್ಟುಕೊಂಡು ಹತ್ತಿರ ಬಂದರೆ ಸಾಕು, ಕಾರು ತಾನಾಗಿ ಎಚ್ಚರಗೊಂಡು, ಕನ್ನಡಿ ಬಿಡಿಸಿ, ದೀಪ ಮಿನುಗಿಸಿ ಯಜಮಾನರನ್ನು ಸ್ವಾಗತಿಸುತ್ತದೆ.

ಚಿನ್ನಯ್ಯನವರು ಆರು ವರ್ಷದಿಂದ ಪೆಟ್ಟಿಗೆಯಲ್ಲೇ ಇದ್ದ ಹಳದಿ ಮಲ್ಟಿಮೀಟರನ್ನು ಹೊರತೆಗೆದರು. ಕಾರು ನಿಂತಿರುವಾಗ ಎಲ್ಲೋ ಕರೆಂಟು ಸೋರುತ್ತಿದೆ, ಎಷ್ಟು ಎಂದು ಅಳೆದರೆ ಮುಗಿಯಿತು! ಗುಂಡಿಯನ್ನು ಹತ್ತು ಆಂಪಿಯರಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಕಪ್ಪು ಕಡ್ಡಿಯನ್ನು ಮೈನಸ್ಸಿಗೂ ನೇರ ಇಟ್ಟರು.

ಟಪ್!

ಕಿಡಿ ಹಾರಿತು, ಚಿನ್ನಯ್ಯನವರೂ ಹಾರಿದರು. ಧೈರ್ಯ ಮಾಡಿ ಮತ್ತೆ ಇಟ್ಟಾಗ ಮೀಟರು ಶಾಂತವಾಗಿ 0.00 ತೋರಿಸಿತು. ಎಲ್ಲಿಟ್ಟರೂ 0.00!

"ಶಶೀ! ಒಂದು ಹನಿ ಸೋರಿಕೆ ಇಲ್ಲ! ಒಂದೇ ಪೆಟ್ಟಿಗೆ ಗುಣ!"

ಮರುದಿನ ಬೆಳಿಗ್ಗೆ ಗುಣವಾದ ಕಾರು 'ಟಿಕ್' ಎಂದು ಒಂದು ಉಸಿರು ಬಿಟ್ಟು ಸುಮ್ಮನಾಯಿತು. ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಬಾವಾ ಕೇಬಲ್ ಹಿಡಿದು ಬಂದು, ತಮ್ಮ ಬ್ಯಾಟರಿಯಿಂದ ಕರೆಂಟು ಕೊಟ್ಟು ಕಾರನ್ನು ಎಬ್ಬಿಸಿದರು. ಮೀಟರನ್ನು ಒಮ್ಮೆ ಬಿಚ್ಚಿ ನೋಡಿ ನಗತೊಡಗಿದರು.

"ಚಿನ್ನಯ್ಯಣ್ಣ, ಕಾರಿಗೆ ಎಂತ ಆಗಿದೆಯೋ ಗೊತ್ತಿಲ್ಲ. ನಿಮ್ಮ ಮೀಟರ್ ಮಾತ್ರ ಸತ್ತಿದೆ ಮಾರಾಯ್ರೆ! ಬ್ಯಾಟರಿಗೆ ನೇರ ಕೊಟ್ರೆ ಒಳಗಿನ ಫ್ಯೂಸ್ ಉಳೀತದಾ? ಮೈನಸ್ ವಯರ್ ಬಿಚ್ಚಬೇಕು, ವಯರಿಗೂ ಬ್ಯಾಟರಿಗೂ ನಡುವೆ ಮೀಟರ್ ಸಿಕ್ಕಿಸಬೇಕು. ಮತ್ತೆ ಕಾರನ್ನು ಲಾಕ್ ಮಾಡಿ ಅರ್ಧ ಗಂಟೆ ಬಿಡಿ. ಕಾರಿಗೂ ನಿದ್ದೆ ಬರಬೇಕಲ್ವಾ? ಮಲಗಿದ ಮೇಲೂ ಮೀಟರ್ ಇಳಿಯದಿದ್ರೆ ಒಂದೊಂದೇ ಫ್ಯೂಸ್ ತೆಗೆಯಿರಿ, ಕಳ್ಳ ಸಿಗ್ತಾನೆ. ಇಲ್ಲದಿದ್ರೆ ಒಂದು ದಿನ ನನ್ನಲ್ಲಿ ಬಿಡಿ."

"ಬಿಡುವ ಪ್ರಶ್ನೆಯೇ ಇಲ್ಲ!"

ಶುಕ್ರವಾರ ಚಿನ್ನಯ್ಯನವರು ಹೇಳಿದಂತೆಯೇ ಮಾಡಿದರು. ಮೀಟರಿಗೆ ಹೊಸ ಫ್ಯೂಸ್ ಹಾಕಿ ಸಿಕ್ಕಿಸಿದರು, ಕಾರು ಲಾಕ್ ಮಾಡಿದರು, ಕೀಯನ್ನು ಭದ್ರವಾಗಿ ಅಂಗಿಯ ಜೇಬಿಗೆ ಹಾಕಿಕೊಂಡರು. ಕುರ್ಚಿ ಎಳೆದು, ರೋಗಿಯ ಪಕ್ಕ ಕುಳಿತ ಬಂಧುವಿನಂತೆ ಬಾನೆಟ್ಟಿನ ಬಳಿ ಕುಳಿತರು. ಅರ್ಧ ಗಂಟೆ, ಒಂದು ಗಂಟೆ ಕಳೆಯಿತು. ಮೀಟರು ಒಂದೂವರೆ ಆಂಪಿಯರಿನಿಂದ ಅಲುಗಲಿಲ್ಲ.

ಫ್ಯೂಸ್ ಕೀಳಲು ಶುರುಮಾಡಿದರು. ಒಂದು ತೆಗೆದರೆ ಸ್ವಲ್ಪ ಇಳಿಯಿತು. ಇನ್ನೊಂದು ತೆಗೆದರೆ ಇನ್ನೂ ಸ್ವಲ್ಪ. ಮೂರನೆಯದಕ್ಕೂ ಅಷ್ಟೇ. ಒಬ್ಬ ಕಳ್ಳನನ್ನು ಹುಡುಕಹೊರಟರೆ ಇಡೀ ಊರೇ ಕಳ್ಳರು! ಕಿತ್ತ ಫ್ಯೂಸುಗಳಿಗೆ ಶಿಸ್ತಾಗಿ ಜಾಗ ಬೇಕಲ್ಲ? ಅಡುಗೆಮನೆಯಿಂದ ಇಡ್ಲಿ ತಟ್ಟೆಗಳು ಬಂದವು. ಕುಳಿಗೊಂದು ಫ್ಯೂಸು, ಫ್ಯೂಸಿಗೊಂದು ಚೀಟಿ.

ಸಂಜೆ ಶಶಿಪ್ರಭಾ ಹೊರಬಂದು ನೋಡಿ ಸೊಂಟಕ್ಕೆ ಕೈಯಿಟ್ಟರು.

"ನಾಳೆ ಬೆಳಿಗ್ಗೆ ಎಂತ ತಿಂತೀರಿ? ಇದನ್ನೇ ಬೇಯಿಸಿ ಹಾಕ್ಲಾ?"

ಚಿನ್ನಯ್ಯನವರು ಅವಸರದಲ್ಲಿ ಕಣ್ಣಿಗೆ ಬಿದ್ದ ಫ್ಯೂಸುಗಳನ್ನೆಲ್ಲ ತಂತಮ್ಮ ಸ್ಥಾನಕ್ಕೆ ಒತ್ತಿ, ತಟ್ಟೆಗಳನ್ನು ತಾವೇ ಒಯ್ದು ಹಿಟ್ಟಿನ ಪಾತ್ರೆಯ ಬಳಿ ಕೊಡವಿಟ್ಟರು. ಶನಿವಾರ ಬೆಳಿಗ್ಗೆ ಎರಡನೆಯ ಇಡ್ಲಿ ಮುರಿದಾಗ, ಅದರ ಬೆಳ್ಳಗಿನ ಹೊಟ್ಟೆಯೊಳಗಿಂದ ಹತ್ತು ಆಂಪಿಯರಿನ ಕೆಂಪು ಫ್ಯೂಸೊಂದು ಹೊರಗೆ ಇಣುಕಿತು!

"ಹಾರನ್ನಿನದ್ದು," ಎಂದರು ಚಿನ್ನಯ್ಯನವರು, ಬೆಂದ ಫ್ಯೂಸನ್ನು ಒರೆಸುತ್ತ.

"ನುಂಗಿದ್ದರೆ ನಿಮ್ಮನ್ನೇ ಮುಂದೆ ಕೂರಿಸಿ ಒತ್ತಬಹುದಿತ್ತು," ಎಂದರು ಶಶಿಪ್ರಭಾ. ಆದರೆ ನಗಲಿಲ್ಲ. "ನೋಡಿ, ನಾಳೆ ಆದಿತ್ಯವಾರ. ತಮಾಷೆ ಸಾಕು."

ಆ ಸಾಕು ಎಂಬ ಮಾತು ಚಿನ್ನಯ್ಯನವರಿಗೆ ಎಲ್ಲೋ ಚುಚ್ಚಿತು. ನೇರ ಹೋಗಿ ಮತ್ತೆ ಮೀಟರು ಸಿಕ್ಕಿಸಿದರು. ಮತ್ತೆ ಅದೇ ಒಂದೂವರೆ. ಅಷ್ಟರಲ್ಲಿ ಒಳಗೆ ಅವರ ಮೊಬೈಲು ಹೊಡೆದುಕೊಂಡಿತು. "ಇದನ್ನು ಸ್ವಲ್ಪ ನೋಡಿಕೋ," ಎಂದು ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಓಡಿದರು.

ಫೋನು ತಂಡದ ಮುಖ್ಯಸ್ಥೆ ಅಮ್ಮಣಿಯವರದು. "ಚಿನ್ನಯ್ಯಣ್ಣ, ಶಶಿಯಕ್ಕ ನಾಳೆ ಖಂಡಿತ ಬರ್ತಾರಲ್ವಾ? ಸಂಶಯ ಇದ್ರೆ ಈಗಲೇ ಹೇಳಿ. ರಾಣಿಯನ್ನು ಬೇರೆಯವರಿಗೆ ಕೊಡ್ತೇನೆ, ಬೇಜಾರು ಮಾಡ್ಬೇಡಿ."

ಚಿನ್ನಯ್ಯನವರು ಪೋರ್ಚಿಗೆ ಬೆನ್ನು ಹಾಕಿದರು. ಹಿತ್ತಲ ಬಾಗಿಲವರೆಗೆ ನಡೆಯುತ್ತ, ದನಿ ತಗ್ಗಿಸಿ ಹತ್ತು ನಿಮಿಷ ಬೇಡಿಕೊಂಡರು. "ಕೊಡ್ಬೇಡಿ ಅಕ್ಕ. ಅವಳು ಒಗ್ಗರಣೆಗೂ ಅರ್ಥ ಹೇಳ್ತಾಳೆ. ಹೊತ್ತುಕೊಂಡಾದರೂ ತರ್ತೇನೆ."

ಹೊರಗಿನಿಂದ ಶಶಿಪ್ರಭಾ ಕೂಗಿದರು. "ಇಲ್ಲಿ ಬನ್ನಿ! ಮೀಟರ್ ಇಳಿಯಿತು! ಸೊನ್ನೆ ಸೊನ್ನೆ ಮೂರು!"

ಚಿನ್ನಯ್ಯನವರು ಓಡಿ ಬಂದರು. ಒಂದೂವರೆ!

"ಕನ್ನಡಕ ಹಾಕಿಕೊಂಡು ಓದು ಮಾರಾಯ್ತಿ."

"ಹಾಕಿಯೇ ಓದಿದ್ದು. ನೀವು ಬಂದ ಕೂಡಲೇ ಏರಿತು. ಹಿತ್ತಲಿಗೆ ಹೋಗಿ ನೋಡುವ."

ಹೋದರು. ಐದು ನಿಮಿಷಕ್ಕೆ ಇಳಿಯಿತು. ಬಂದರು, ಏರಿತು. ಮತ್ತೆ ಹೋದರು, ಇಳಿಯಿತು. ಮತ್ತೆ ಬಂದರು, ಏರಿತು. ಅಷ್ಟಾಗುವಾಗ ಶಶಿಪ್ರಭಾ ಸೆರಗು ಬಿಗಿದು ರಾಣಿಯ ಗತ್ತಿನಲ್ಲಿ ಎದ್ದು ನಿಂತಿದ್ದರು.

"ದೋಷ ಕಾರಿನದ್ದಲ್ಲ. ನಿಮ್ಮ ಮೈಮೇಲೆ ಎಂತದೋ ಉಂಟು. ವಾಚು ತೆಗೆಯಿರಿ. ಮೊಬೈಲು ಒಳಗಿಡಿ. ಅಂಗಿಯನ್ನೂ ಬಿಚ್ಚಿ ಹಿತ್ತಲಲ್ಲಿ ನೇತುಹಾಕಿ ಬನ್ನಿ."

ಚಿನ್ನಯ್ಯನವರು ಬನಿಯನ್ ಮತ್ತು ಲುಂಗಿಯಲ್ಲಿ ಬಂದು ನಿಂತರು. 0.03! ಶಶಿಪ್ರಭಾ ವಾಚು ತಂದರು. 0.03. ಮೊಬೈಲು ತಂದರು. 0.03. ಕೊನೆಗೆ ಅಂಗಿಯನ್ನು ಎಳೆಮಗುವಿನಂತೆ ಎರಡು ಕೈಯಲ್ಲಿ ಎತ್ತಿಕೊಂಡು ಬಂದರು. ಮೂರು ಹೆಜ್ಜೆ ದೂರವಿರುವಾಗಲೇ ಕಾರು ಕನ್ನಡಿ ಬಿಡಿಸಿತು, ದೀಪ ಮಿನುಗಿಸಿತು. ಮೀಟರು ಒಂದೂವರೆಗೆ ನೆಗೆಯಿತು.

"ಅಂಗಿಗೆ ಕರೆಂಟುಂಟಾ?" ಎಂದರು ಚಿನ್ನಯ್ಯನವರು ಬೆರಗಾಗಿ.

ಶಶಿಪ್ರಭಾ ಜೇಬಿನಿಂದ ಕೀ ತೆಗೆದು ಅವರ ಮೂಗಿನೆದುರು ಹಿಡಿದರು. ಆಮೇಲೆ ಕಿಟಕಿಯಿಂದ ಚಾವಡಿಯೊಳಗೆ ಇಣುಕಿದರು. ಕೀ ಬೋರ್ಡಿನ ಒಂದನೇ ನಂಬರಿನ ಕೊಕ್ಕೆ. ಅದರ ಬೆನ್ನಿಗೆ ಒಂದು ಗೋಡೆ. ಗೋಡೆಯ ಬೆನ್ನಿಗೆ ಪೋರ್ಚಿನ ಕಾರು!

"ಬೋರ್ಡು ಹಾಕಿ ಎಷ್ಟು ಸಮಯ ಆಯ್ತು?"

"ಮೂರು ವಾರ."

"ಕಾರಿಗೆ ಕಾಯಿಲೆ ಶುರುವಾಗಿ?"

ಚಿನ್ನಯ್ಯನವರು ಲುಂಗಿ ಸರಿಮಾಡಿಕೊಂಡರು. ಪಾಪದ ಕಾರು! ಯಜಮಾನರು ಬಾಗಿಲಲ್ಲೇ ನಿಂತಿದ್ದಾರೆ, ಇನ್ನೇನು ಬಂದೇಬಿಡುತ್ತಾರೆ ಎಂದು ಮೂರು ವಾರ, ದಿನವಿಡೀ ಕಣ್ಣು ತೆರೆದು ಕಾದಿತ್ತು.

"ಅದಕ್ಕೆ ಮೊದಲು ಕೀ ಎಲ್ಲಿತ್ತು?"

"ರಸ್ಕಿನ ಡಬ್ಬದಲ್ಲಿ," ಎಂಬ ಉತ್ತರ ಬನಿಯನ್ನಿನೊಳಗಿಂದ ಬಂದಷ್ಟು ಸಣ್ಣಗೆ ಬಂತು.

ಫೋನಿನಲ್ಲಿ ವಿಷಯ ಕೇಳಿದ ಬಾವಾ ನಕ್ಕು ನಕ್ಕು ಕೆಮ್ಮಿದರು. "ಸ್ಟೀಲಿನ ಡಬ್ಬದ ಮುಚ್ಚಳ ಹಾಕಿದ್ರೆ ಕೀಯ ಸಿಗ್ನಲ್ ಹೊರಗೆ ಬರುವುದಿಲ್ಲ ಚಿನ್ನಯ್ಯಣ್ಣ. ಶಶಿಯಕ್ಕನನ್ನು ನನ್ನ ಅಂಗಡಿಗೆ ಕಳಿಸಿ, ಕೆಲಸ ಉಂಟು!"

ಅಂದು ಸಂಜೆಯೇ ಬ್ಯಾಟರಿಗೆ ಬಾವಾನ ಅಂಗಡಿಯ ಚಾರ್ಜು ತುಂಬಿತು, ಕೀ ಡಬ್ಬದೊಳಗೆ ಹೋಯಿತು. ಆದಿತ್ಯವಾರ ಮಧ್ಯಾಹ್ನ ಕಾರು ಒಂದೇ ಒತ್ತಿಗೆ ಗುರುಗುಟ್ಟಿ ಎದ್ದಿತು. ಎರಡೂವರೆಗೇ ಅವರು ಸಭಾಭವನದ ಬಾಗಿಲಲ್ಲಿದ್ದರು. ಚಿನ್ನಯ್ಯನವರು ಮಾತು ಉಳಿಸಿಕೊಂಡಿದ್ದರು. ಇಳಿದು ಕಾರು ಲಾಕ್ ಮಾಡಿದ ಮೇಲೆ ಶಶಿಪ್ರಭಾ ಕೈ ಚಾಚಿ ಕೀ ಕೇಳಿ ತೆಗೆದುಕೊಂಡು, ತಮ್ಮ ಚೀಲದಲ್ಲಿದ್ದ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದರು.

ಅರ್ಥ ಏರುತ್ತ ಹೋಯಿತು. ಅಡುಗೆಮನೆಯ ಕಿಟಕಿಯಲ್ಲಿ ಪಿಸುಗುಡುತ್ತಿದ್ದ ದನಿ ಇಲ್ಲಿ ಬಯಲಿಗೆ ಬಂದ ನೀರಿನಂತೆ ಹರಡಿಕೊಂಡಿತು. ಐದನೆಯ ಸಾಲಿನಲ್ಲಿ ಚಿನ್ನಯ್ಯನವರ ತುಟಿಗಳು ರಾಣಿಯ ಜೊತೆಗೇ ಆಡುತ್ತಿದ್ದವು. ಆದರೆ ರಾಜನಿಗೆ ಉತ್ತರಿಸುವ ಕೊನೆಯ ಸರದಿಯಲ್ಲಿ ರಾಣಿ ಬಾಯಿಪಾಠ ಬಿಟ್ಟು ಹೊರಳಿದಳು.

"ಮಹಾರಾಜಾ, ಕೆಲವರು ಸನಿಹದಲ್ಲಿದ್ದರೆ ಜೀವವಿಲ್ಲದ ವಸ್ತುವಿಗೂ ನಿದ್ರೆ ಬಾರದು! ಅಂಥವರಿಗೆ ಸಿಂಹಾಸನ ಯೋಗ್ಯವಲ್ಲ, ಗಟ್ಟಿ ಮುಚ್ಚಳದ ಒಂದು ಡಬ್ಬವೇ ಯೋಗ್ಯ!"

ಸಭೆ ಚಪ್ಪಾಳೆ ಹೊಡೆಯಿತು. ಹಿಂದಿನ ಸಾಲಿನಿಂದ ಬಾವಾನ ಕೆಮ್ಮು ಕೇಳಿಸಿತು.

ಮುಗಿದ ಮೇಲೆ ಶಶಿಪ್ರಭಾರನ್ನು ಜನ ಸುತ್ತುವರಿದರು. ಚಿನ್ನಯ್ಯನವರು ಠೀವಿಯಿಂದ ಕಾರಿನ ಬಳಿ ಹೋಗಿ ನಿಂತರು. ಕನ್ನಡಿ ಬಿಚ್ಚಿಕೊಳ್ಳಲಿಲ್ಲ, ದೀಪ ಮಿನುಗಲಿಲ್ಲ. ಬಾಗಿಲು ಎಳೆದರೆ ಅಲುಗಲಿಲ್ಲ. ಮುಕ್ಕಾಲು ಗಂಟೆ ಅವರು ಬಿಸಿಲಲ್ಲಿ ಕಾದರು. ಕಾರು ಮಾತ್ರ ಅವರೆದುರೇ ಹಾಯಾಗಿ ನಿದ್ದೆ ಮಾಡಿತು.

ಕೊನೆಗೂ ರಾಣಿ ಹೂಗುಚ್ಛ ಹಿಡಿದು ಬಂದಳು.

"ಕೀ ಕೊಡು ಮಾರಾಯ್ತಿ, ಹಸಿವಾಗ್ತದೆ."

ಶಶಿಪ್ರಭಾ ಡಬ್ಬದ ಮುಚ್ಚಳ ತೆಗೆದರು. ಕಾರು ಫಕ್ಕನೆ ಕಣ್ಣು ಬಿಟ್ಟು ಅವರನ್ನು ಸ್ವಾಗತಿಸಿತು. ಡಬ್ಬವನ್ನು ಅವರು ಗಂಡನ ಮುಂದೆ ಚಾಚಿದರು.

"ತೆಗೆದುಕೊಳ್ಳಿ. ರಸ್ಕೂ ಉಂಟು. ಕನ್ನಡಕ ಹಾಕಿಕೊಂಡು ನೋಡಿ ತಿನ್ನಿ, ಇನ್ನೊಂದು ಕೀ ಮಾಡಿಸ್ಲಿಕ್ಕೆ ಕಷ್ಟ ಉಂಟು!"